ಕಾರ್ಖಾನೆಯಲ್ಲಿ ಅಪಘಾತವಾದರೆ ಮಾಲೀಕರು ಯಾರಿಗೆ, ಯಾವಾಗ ತಿಳಿಸಬೇಕು?

ಪ್ರೆಸ್ ಶಾಪಿನಲ್ಲಿ ಕಾರ್ಮಿಕನೊಬ್ಬನ ಬೆರಳು ಯಂತ್ರದ ಡೈಗೆ (ಲೋಹಕ್ಕೆ ಆಕಾರ ಕೊಡುವ ಅಚ್ಚಿಗೆ) ಸಿಕ್ಕಿ ಜಜ್ಜಿಹೋಗಿದೆ, ಆಸ್ಪತ್ರೆಗೆ ಕಳುಹಿಸಿದ್ದಾಗಿದೆ. ಇನ್ನು ಉಳಿದದ್ದು ವರದಿ. ಒಂದು ಕಚೇರಿಗೆ ತಿಳಿಸಿದರೆ ಉಳಿದ ಕಚೇರಿಗಳಿಗೂ ತಿಳಿಸಿದಂತೆ ಎಂದುಕೊಂಡು ಬಹಳಷ್ಟು ಸಣ್ಣ ಉದ್ಯಮಿಗಳು ಎಡವುವುದು ಇಲ್ಲಿಯೇ.

ಗಾಯಾಳುವನ್ನು ಕಳುಹಿಸಿದ ಕೂಡಲೇ ಯಂತ್ರದ ವಿದ್ಯುತ್ ಕಡಿತಗೊಳಿಸಿ, ಸ್ಥಳವನ್ನು ತೊಳೆಯದೆ, ಯಂತ್ರದ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಕವಚ) ಇದ್ದ ಸ್ಥಿತಿಯಲ್ಲೇ ಫೋಟೊ ತೆಗೆಯಿರಿ. ಆನಂತರ ಅಪಘಾತ ಪುಸ್ತಕದಲ್ಲಿ ಬರೆಯಿರಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯವಸ್ಥೆಯಲ್ಲಿ ಇದಕ್ಕೆ 11ನೇ ನಮೂನೆ ಇದೆ. ‘ಕೈಗೆ ಪೆಟ್ಟಾಯಿತು’ ಎಂದಷ್ಟೇ ಗೀಚಿದರೆ ಮುಂದೆ ಅದು ಯಾರಿಗೂ ಉಪಯೋಗಕ್ಕೆ ಬಾರದು. ‘ಮಧ್ಯಾಹ್ನ 3.40, ಎರಡನೇ ಪವರ್ ಪ್ರೆಸ್, ಸಿಕ್ಕಿಕೊಂಡ ತುಣುಕು ತೆಗೆಯುವಾಗ ಪೆಡಲ್ ಒತ್ತಿಹೋಗಿ ಬಲಗೈ ತೋರುಬೆರಳಿನ ತುದಿ ಜಜ್ಜಿದೆ, ಗಾರ್ಡ್ ಇರಲಿಲ್ಲ, ಪಕ್ಕದ ಯಂತ್ರದವರು ನೋಡಿದ್ದಾರೆ’ ಎಂದು ಬರೆದರೆ ಅದು ದಾಖಲೆ. ಗಾರ್ಡ್ ಇರಲಿಲ್ಲವೆಂದು ಬರೆಯಲು ಕೈ ಹಿಂಜರಿಯುವುದು ಸಹಜ. ಆದರೆ ಆ ಮಾತು ತನಿಖೆಯಲ್ಲಿ ಹೇಗೂ ಹೊರಬರುತ್ತದೆ.

ಮುಖ್ಯ ವರದಿ ಹೋಗಬೇಕಾದದ್ದು ರಾಜ್ಯದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. 1948ರ ಕಾರ್ಖಾನೆಗಳ ಕಾಯ್ದೆಯ 88ನೇ ಸೆಕ್ಷನ್ ಇಟ್ಟಿದ್ದ ಅಳತೆಯನ್ನೇ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ 10ನೇ ಸೆಕ್ಷನ್ ಉಳಿಸಿಕೊಂಡಿದೆ: ಸಾವು ಸಂಭವಿಸಿದರೆ, ಅಥವಾ ಅಪಘಾತದ ಬೆನ್ನಿಗೇ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಗಾಯಾಳು ಕೆಲಸ ಮಾಡಲಾಗದಿದ್ದರೆ ನೋಟಿಸ್ ಕಡ್ಡಾಯ. ಕೈಗೆ ಬ್ಯಾಂಡೇಜ್ ಸುತ್ತಿದವನನ್ನು ಮರುದಿನವೇ ಕರೆಸಿ, ಹಾಜರಿ ಹಾಕಿಸಿ, ಸ್ಟೋರ್ಸ್‌ನ ಮೂಲೆಯಲ್ಲಿ ಸುಮ್ಮನೆ ಕೂರಿಸುವ ಉಪಾಯ ಹಳೆಯದು. ಕಾನೂನು ನೋಡುವುದು ಕೆಲಸ ಮಾಡಲು ಸಾಧ್ಯವಿತ್ತೇ ಎಂಬುದನ್ನು, ಹಾಜರಿ ಪಟ್ಟಿಯನ್ನಲ್ಲ. ಸಾವು ಅಥವಾ ಗಂಭೀರ ಗಾಯವಾದಾಗ ಮೊದಲು ಫೋನಿನಲ್ಲಿ ತಿಳಿಸಿ, ಬಳಿಕ ನಿಗದಿತ ನಮೂನೆಯಲ್ಲಿ ಕಳುಹಿಸುವುದು ಕ್ಷೇಮ.

ಕಾರ್ಮಿಕ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ 12ನೇ ನಮೂನೆಯ ವರದಿ ಇಎಸ್‌ಐ ಕಚೇರಿಗೆ ಬೇರೆಯಾಗಿಯೇ ಹೋಗಬೇಕು. ಸಾಮಾನ್ಯ ಗಾಯಕ್ಕೆ ವಿಷಯ ತಿಳಿದ ಮೇಲೆ ನಿಗದಿತ ಗಡುವಿನೊಳಗೆ. ಸಾವು ಅಥವಾ ಶಾಶ್ವತ ಅಂಗವೈಕಲ್ಯದ ಸಂಭವವಿದ್ದರೆ ತಕ್ಷಣ. ಇದು ತಡವಾದರೆ ಕಾರ್ಮಿಕನ ಅಂಗವೈಕಲ್ಯ ಭತ್ಯೆಯೂ ತಡವಾಗುವ ಸಂಭವವಿದೆ. ಇಎಸ್‌ಐ ಇಲ್ಲದವರ ವಿಷಯದಲ್ಲಿ, ಸಾವು ಅಥವಾ ತೀವ್ರ ಗಾಯದ ವರದಿಯನ್ನು ಪರಿಹಾರ ನಿರ್ಧರಿಸುವ ಅಧಿಕಾರಿಗೆ ಏಳು ದಿನಗಳೊಳಗೆ ಕೊಡಬೇಕು. ಕೈಕಾಲಿನ ಮೂಳೆ ಮುರಿತ, ದೃಷ್ಟಿ ಅಥವಾ ಶ್ರವಣದ ಶಾಶ್ವತ ಹಾನಿ, 20 ದಿನ ಮೀರಿದ ಗೈರುಹಾಜರಿ ಇವೆಲ್ಲ ತೀವ್ರ ಗಾಯದ ಲೆಕ್ಕಕ್ಕೆ ಬರುತ್ತವೆ.

ಸಾವಾದರೆ ಪೊಲೀಸರಿಗೂ ತಿಳಿಸಬೇಕು. ಅವರು ಮಹಜರು ಮಾಡಿಕೊಂಡು ಹೋದರೆಂದು ಇಲಾಖೆಗೆ ನೋಟಿಸ್ ಕೊಡುವ ಹೊಣೆ ತಪ್ಪುವುದಿಲ್ಲ.

ಯಾರಿಗೂ ಗಾಯವಾಗದ ಅವಘಡವನ್ನು ಮಾತ್ರ ಹೆಚ್ಚಿನವರು ಮರೆತೇಬಿಡುತ್ತಾರೆ. ಉಗಿಯ ಒತ್ತಡಕ್ಕೆ ಪಾತ್ರೆ ಸಿಡಿದರೆ, ಕ್ರೇನ್ ಕುಸಿದರೆ, ಸ್ಫೋಟವಾದರೆ ಗಾಯ ಆಗಲಿ ಬಿಡಲಿ, ಅಪಾಯಕಾರಿ ಘಟನೆಯೆಂದು ಅದೇ ಸಂಹಿತೆಯ 11ನೇ ಸೆಕ್ಷನ್ ಪ್ರಕಾರ ವರದಿ ಮಾಡಬೇಕು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಸೀಸದ ವಿಷಬಾಧೆಯಂಥ ಪಟ್ಟಿ ಮಾಡಿದ ರೋಗಗಳಿಗೆ 12ನೇ ಸೆಕ್ಷನ್ ಇದೆ. ಅಲ್ಲಿ ಚಿಕಿತ್ಸೆ ನೀಡುವ ವೈದ್ಯರೂ ವರದಿ ಕೊಡಬೇಕಾಗುತ್ತದೆ.

‘ಅವನು ನಮ್ಮ ಆಳಲ್ಲ, ಗುತ್ತಿಗೆದಾರನ ಕಡೆಯವನು’ ಎಂಬ ಉತ್ತರ ನಡೆಯದು. ಅಪಘಾತ ನಡೆದದ್ದು ನಿಮ್ಮ ಆವರಣದಲ್ಲಿ. ಮಾಲೀಕರು ಕರ್ತವ್ಯ ಪಾಲಿಸದೆ ಕಾರ್ಮಿಕ ಸತ್ತರೆ ಎರಡು ವರ್ಷದವರೆಗೆ ಜೈಲು, ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಸಂಹಿತೆಯಲ್ಲಿ ಅವಕಾಶವಿದೆ. ಆ ದಂಡದ ಅರ್ಧಕ್ಕಿಂತ ಕಡಿಮೆಯಿಲ್ಲದ ಪಾಲನ್ನು ವಾರಸುದಾರರಿಗೆ ಕೊಡಿಸಲು ನ್ಯಾಯಾಲಯ ಆದೇಶಿಸಬಹುದು.

ಕಳುಹಿಸಿದ ಪ್ರತಿಯೊಂದು ವರದಿಗೂ ಸ್ವೀಕೃತಿ ಪಡೆದು, ಆಸ್ಪತ್ರೆಯ ಚೀಟಿಯ ಜೊತೆ ಒಂದೇ ಫೈಲಿನಲ್ಲಿಡಿ. ಗಾಯಾಳು ಕೆಲ ದಿನಗಳ ನಂತರ ಆಸ್ಪತ್ರೆಯಲ್ಲೇ ತೀರಿಕೊಂಡರೆ ಮೊದಲು ಕೊಟ್ಟ ವರದಿ ಸಾಕೆಂದು ಕೂರದೆ, ಆ ಸಂಗತಿಯನ್ನೂ ಎಲ್ಲ ಕಚೇರಿಗಳಿಗೆ ತಿಳಿಸಿ.