ಮಂಕಾದ ಡಿವೈಸನ್ನು ಓರೆ ಮಾಡಿ ನೋಡಿದಾಗ

ಓಎಲ್‌ಇಡಿ, ಅಂದರೆ ಕರೆಂಟು ಹರಿಸಿದರೆ ಬೆಳಗುವ ತೆಳು ಸಾವಯವ ಪದರಗಳ ಡಿವೈಸು, ಮಾಡಲು ಕಲಿತ ಮೊದಲ ವರ್ಷ, ಮೂರು ತಿಂಗಳು ನಾನು ತಪ್ಪು ಕಳ್ಳನ ಹಿಂದೆ ಬಿದ್ದಿದ್ದೆ. ಡಿವೈಸಿನಲ್ಲಿ ಏನೇ ಕೆಟ್ಟರೂ ಅದನ್ನು ಎಲೆಕ್ಟ್ರಾನಿನ ತಲೆಗೆ ಕಟ್ಟುತ್ತಿದ್ದೆ.

ನಾನು ಮಾಡುತ್ತಿದ್ದದ್ದು ಹಳೇ ಪಾಠದ ಡಿವೈಸು. ಗಾಜಿನ ಮೇಲೆ ಐಟಿಒ ಎಂಬ ಪಾರದರ್ಶಕ ವಾಹಕ, ಅದರ ಮೇಲೆ ಧನ ಆವೇಶ ಸಾಗಿಸುವ ಎನ್‌ಪಿಬಿ 50 ನ್ಯಾನೋಮೀಟರ್, ಆಮೇಲೆ ಎಲೆಕ್ಟ್ರಾನು ಸಾಗಿಸಿ ಹಸಿರು ಬೆಳಕು ಕೊಡುವ ಆಲ್ಕ್ಯೂ3 60 ನ್ಯಾನೋಮೀಟರ್, ಕೊನೆಗೆ ತೆಳುವಾಗಿ ಲಿಥಿಯಂ ಫ್ಲೋರೈಡ್ ಮತ್ತು ಅಲ್ಯೂಮಿನಿಯಂ. 1987ರಲ್ಲಿ ಕೊಡಾಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್‌ಸ್ಲೈಕ್ ಎರಡು ಪದರದ ಡಿವೈಸು ಮಾಡಿ, 10 ವೋಲ್ಟಿಗಿಂತ ಕಡಿಮೆಯಲ್ಲಿ ಹಸಿರು ಬೆಳಕು ತೋರಿಸಿದ್ದರು. ನಮ್ಮದು ಅದರ ಮೊಮ್ಮಗು ಅನ್ನಿ. ಎನ್‌ಪಿಬಿ, ಆಲ್ಕ್ಯೂ3 ಎರಡೂ ಪದರ ಸೇರಿ 110 ನ್ಯಾನೋಮೀಟರ್. ತಲೆಕೂದಲಿನ ದಪ್ಪದ ಸುಮಾರು ಐನೂರನೇ ಒಂದು ಭಾಗ.

ಅದು ಚೆನ್ನಾಗಿಯೇ ಬೆಳಗುತ್ತಿತ್ತು. ನಾನೇ ಸುಮ್ನೆ ಕೂರಲಿಲ್ಲ. ಲೋಹದ ಹತ್ತಿರ ಹುಟ್ಟಿದ ಬೆಳಕನ್ನು ಲೋಹವೇ ನುಂಗುತ್ತದೆ ಎಂದು ಓದಿದ್ದೆ. ಹಾಗಾದರೆ ಲೋಹವನ್ನು ದೂರ ಇಟ್ಟರೆ ಬೆಳಕು ಜಾಸ್ತಿ ಬರಬೇಕು, ಅಲ್ವಾ? ಆಲ್ಕ್ಯೂ3 ಪದರವನ್ನು 130ಕ್ಕೆ ಏರಿಸಿದೆ.

ಬೆಳಕು ಪಾತಾಳಕ್ಕೆ ಇಳಿಯಿತು. ಅದೇ ಕರೆಂಟಿಗೆ ಮೊದಲು 7 ವೋಲ್ಟ್ ಸಾಕಾಗಿತ್ತು, ಈಗ 14 ದಾಟಿತು. ಮುಂದಿನಿಂದ ನೋಡಿದರೆ ಮಂಕು, ಬಣ್ಣವೂ ಸ್ವಲ್ಪ ಹಳದಿ.

ವೋಲ್ಟೇಜ್ ಏರಿದ್ದಕ್ಕೆ ಕಾರಣ ಸಿಕ್ಕಿತು. ಸಿಲಿಕಾನಿನಲ್ಲಿ ಓಡುವ ಹಾಗೆ ಎಲೆಕ್ಟ್ರಾನು ಈ ಪದರದಲ್ಲಿ ಓಡುವುದಿಲ್ಲ. ಹೊಳೆ ದಾಟುವವರು ಕಲ್ಲಿಂದ ಕಲ್ಲಿಗೆ ಜಿಗಿದ ಹಾಗೆ ಅಣುವಿನಿಂದ ಅಣುವಿಗೆ ಜಿಗಿಯುತ್ತದೆ. ಆಲ್ಕ್ಯೂ3ಯಲ್ಲಿ ಆ ಜಿಗಿತ ಬಹಳ ನಿಧಾನ. ಎನ್‌ಪಿಬಿಯಲ್ಲಿ ಹೋಲ್‌ಗಳು (ಎಲೆಕ್ಟ್ರಾನು ಇಲ್ಲದ ಖಾಲಿ ಜಾಗಗಳು, ಧನ ಆವೇಶದ ಹಾಗೆ ಚಲಿಸುತ್ತವೆ) ಅದಕ್ಕಿಂತ ಎಷ್ಟೋ ಪಟ್ಟು ಸಲೀಸಾಗಿ ಹೋಗುತ್ತವೆ. ಆಲ್ಕ್ಯೂ3ಯಲ್ಲಿ ಮುಂದೆ ಹೋದ ಎಲೆಕ್ಟ್ರಾನುಗಳು ಇನ್ನೂ ದಾರಿಯಲ್ಲೇ ನಿಂತು ಹಿಂದಿನವನ್ನು ತಡೆಯುತ್ತವೆ. ಇಂಥ ಕರೆಂಟು ದಪ್ಪದ ಘನಕ್ಕೆ ವಿಲೋಮ. ದಪ್ಪ ಎರಡು ಪಟ್ಟಾದರೆ, ಅದೇ ವೋಲ್ಟೇಜಿಗೆ ಕರೆಂಟು ಎಂಟನೇ ಒಂದು ಭಾಗ. ಸರಿ, ಎಲೆಕ್ಟ್ರಾನು ಬರುತ್ತಿಲ್ಲ, ಅದಕ್ಕೇ ಮಂಕು ಎಂದುಕೊಂಡೆ. ಲಿಥಿಯಂ ಫ್ಲೋರೈಡ್ ದಪ್ಪ ಬದಲಿಸಿದೆ, ವಸ್ತುವನ್ನು ಆವಿ ಮಾಡಿ ಪದರ ಹಾಕುವ ವೇಗ ಬದಲಿಸಿದೆ, ಐಟಿಒ ತೊಳೆಯುವ ವಿಧಾನ ಬದಲಿಸಿದೆ. ಪದರದ ದಪ್ಪ ಅಳೆಯುವ ಕ್ವಾರ್ಟ್ಜ್ ಮಾನಿಟರ್ ಸುಳ್ಳು ಹೇಳುತ್ತಿದೆಯೇ ಎಂದು ಅದನ್ನೂ ಪರೀಕ್ಷಿಸಿದೆ. (ಅದು ನಿಜಕ್ಕೂ ಸ್ವಲ್ಪ ಸುಳ್ಳು ಹೇಳುತ್ತಿತ್ತು. ಆ ಕಥೆ ಬೇರೆ.) ಮಂಕು ಹೋಗಲಿಲ್ಲ.

ಒಂದು ಸಂಜೆ ಲ್ಯಾಬಿನ ಸೀನಿಯರ್ ಅಕ್ಕ ಬಂದು, "ಸ್ವಲ್ಪ ಓರೆ ಮಾಡಿ ನೋಡೋ" ಎಂದರು. ಡಿವೈಸು ಹಿಡಿದ ಜಿಗ್ ತಿರುಗಿಸಿದೆ. ಪಕ್ಕದಿಂದ ಅದು ಹಸಿರಾಗಿ, ಮುಂದಿನಿಂದ ಕಂಡದ್ದಕ್ಕಿಂತ ಪ್ರಖರವಾಗಿ ಕಂಡಿತು! ಕರೆಂಟು ಅದೇ, ವೋಲ್ಟೇಜೂ ಅದೇ. ಎಲೆಕ್ಟ್ರಾನು ಕಡಿಮೆ ಇದ್ದರೆ ಎಲ್ಲ ಕಡೆಯೂ ಮಂಕಾಗಬೇಕಿತ್ತು.

ಬೆಳಕು ಹುಟ್ಟುವುದು ಎರಡು ಪದರ ಸೇರುವ ಕಡೆ, ಆಲ್ಕ್ಯೂ3ಯ ಮೊದಲ ಹತ್ತಿಪ್ಪತ್ತು ನ್ಯಾನೋಮೀಟರ್ ಒಳಗೆ. ಅಲ್ಲಿಂದ ಸ್ವಲ್ಪ ಬೆಳಕು ನೇರ ಗಾಜಿನ ಕಡೆ ಬರುತ್ತದೆ, ಸ್ವಲ್ಪ ಅಲ್ಯೂಮಿನಿಯಂಗೆ ಬಡಿದು ವಾಪಸ್ ಬರುತ್ತದೆ. ಎರಡೂ ಸೇರಿದಾಗ ಒಂದನ್ನೊಂದು ಬಲಪಡಿಸಬಹುದು, ಇಲ್ಲವೇ ಅಳಿಸಬಹುದು. ಮಳೆ ನಿಂತ ರಸ್ತೆಯಲ್ಲಿ ಪೆಟ್ರೋಲ್ ಹನಿ ಬಣ್ಣ ಬಣ್ಣವಾಗಿ ಕಾಣುವುದೂ ಇದರಿಂದಲೇ. ಎಕ್ಸೆಲ್ ತೆಗೆದು ಲೆಕ್ಕ ಹಾಕಿದೆ. ಹಸಿರು ಬೆಳಕಿನ ತರಂಗದ ಉದ್ದ ಸುಮಾರು 525 ನ್ಯಾನೋಮೀಟರ್, ಪದರದ ವಕ್ರೀಭವನ ಸೂಚ್ಯಂಕ 1.7ರ ಆಸುಪಾಸು. ಕನ್ನಡಿಯಿಂದ ಕಾಲು ತರಂಗ ದೂರದಲ್ಲಿ, ಅಂದರೆ 77ರ ಹತ್ತಿರ, ಬೆಳಕು ಬಲಗೊಳ್ಳುತ್ತದೆ. ಅರ್ಧ ತರಂಗ ದೂರದಲ್ಲಿ, 154ರ ಹತ್ತಿರ, ಅಳಿಯುತ್ತದೆ. ಅಲ್ಯೂಮಿನಿಯಂ ಆದರ್ಶ ಕನ್ನಡಿಯಲ್ಲ, ಬೆಳಕು ಅದರೊಳಗೆ ಚೂರು ಇಳಿಯುತ್ತದೆ. ಹಾಗಾಗಿ ಎರಡೂ ಅಂಕಿ ಒಂದಿಷ್ಟು ಕೆಳಗೆ ಜಾರುತ್ತವೆ. ನನ್ನ 60 ಬಲಗೊಳ್ಳುವ ಜಾಗದಲ್ಲಿತ್ತು, 130 ಅಳಿಯುವ ಜಾಗದಲ್ಲಿ. ಓರೆಯಾಗಿ ಹೊರಡುವ ಬೆಳಕಿಗೆ ಈ ಲೆಕ್ಕ ಬದಲಾಗುತ್ತದೆ, ಅದಕ್ಕೇ ಪಕ್ಕದಿಂದ ಹಸಿರು ಉಳಿದಿತ್ತು.

ಆಮೇಲೆ ಎಲೆಕ್ಟ್ರಾನಿನ ದಾರಿಯ ಪರಿಣಾಮ, ಕನ್ನಡಿ ದೂರದ ಪರಿಣಾಮ ಎರಡನ್ನೂ ಬೇರೆ ಮಾಡಲು ಹೊರಟೆ. ಹೊಳಪನ್ನು ಒಂದೇ ವೋಲ್ಟೇಜಿನಲ್ಲಿ ಹೋಲಿಸುವುದು ಬಿಟ್ಟು ಒಂದೇ ಕರೆಂಟಿನಲ್ಲಿ ಹೋಲಿಸಿದೆ. ಆಲ್ಕ್ಯೂ3ಯನ್ನು 45ರಿಂದ 130ರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಾಕಿದೆ. 45ಕ್ಕೆ ವೋಲ್ಟೇಜು ಚೆನ್ನಾಗಿ ಇಳಿಯಿತು, ಆದರೆ ಬೆಳಕು 60ರಷ್ಟು ಬರಲಿಲ್ಲ. ನಾನು ಮೊದಲು ಓದಿದ್ದ ಲೋಹದ ನುಂಗಾಟ ಅಲ್ಲಿ ನಿಜವಾಗಿಯೂ ಇತ್ತು.

ಕೊನೆಯದು ನನಗೆ ಇಷ್ಟವಾದ ಪ್ರಯೋಗ. ಆಲ್ಕ್ಯೂ3 ಬರೀ 40 ಹಾಕಿ, ಉಳಿದ 90ಕ್ಕೆ ಬಿಫೆನ್ ಎಂಬ ಎಲೆಕ್ಟ್ರಾನು ಸಾಗಿಸುವ ವಸ್ತುವಿನ ಜೊತೆ ಸೀಸಿಯಂ ಕಾರ್ಬೊನೇಟ್ ಬೆರೆಸಿ ಹಾಕಿದೆ. ಈ ಮಿಶ್ರಣದಲ್ಲಿ ಎಲೆಕ್ಟ್ರಾನಿಗೆ ದಾರಿ ಸುಲಭ. ಕನ್ನಡಿಗೆ ಇರುವ ದೂರ ಮಾತ್ರ ಅದೇ 130. ವೋಲ್ಟೇಜು 60ರ ಡಿವೈಸಿನ ಹತ್ತಿರಕ್ಕೆ ಇಳಿಯಿತು. ಮುಂದಿನಿಂದ ನೋಡಿದೆ: ಅದೇ ಮಂಕು, ಅದೇ ಹಳದಿ. ಅಕ್ಕನನ್ನು ಕರೆದು ತೋರಿಸಿದೆ. ಅವರು ಏನೂ ಹೇಳದೆ ಜಿಗ್ ಓರೆ ಮಾಡಿದರು.