ಫ್ಲೆಕ್ಸ್‌ಕಾಮ್‌ಗೆ ಡಿವೈಸ್ ಟ್ರೀ ಬೈಂಡಿಂಗ್ ಬರೆಯುವ ಬಗೆ

ಡಿವೈಸ್ ಟ್ರೀ ಎಂದರೆ ಬೋರ್ಡ್‌ನಲ್ಲಿ ಯಾವ ಹಾರ್ಡ್‌ವೇರ್ ಎಲ್ಲಿದೆ ಎಂದು ಲಿನಕ್ಸ್ ಕರ್ನಲ್‌ಗೆ ತಿಳಿಸುವ ವಿವರಣೆ; ಅದನ್ನು ಬರೆಯುವ ನಿಯಮವೇ ಬೈಂಡಿಂಗ್. ಸಾಮಾ5ಡಿ2 ಚಿಪ್‌ನ ಫ್ಲೆಕ್ಸ್‌ಕಾಮ್ ಒಂದೇ ಬ್ಲಾಕ್. ಯುಸಾರ್ಟ್, ಎಸ್‌ಪಿಐ, ಐ2ಸಿ ಎಂಬ ಮೂರು ಸೀರಿಯಲ್ ಸಂಪರ್ಕಗಳಲ್ಲಿ ಒಂದು ಸಲಕ್ಕೆ ಒಂದೇ ಆಗಬಲ್ಲದು. ಬೈಂಡಿಂಗ್ ಬರೆಯುವಾಗ ಡ್ರೈವರ್ ಕೋಡನ್ನು ಪಕ್ಕಕ್ಕಿಟ್ಟು ಡೇಟಾಶೀಟ್ ತೆರೆಯಿರಿ. ಬೈಂಡಿಂಗ್ ಹೇಳಬೇಕಾದದ್ದು ಹಾರ್ಡ್‌ವೇರ್ ಹೇಗಿದೆ ಎಂಬುದನ್ನು ಮಾತ್ರ.

ಪೇರೆಂಟ್ ನೋಡ್‌ಗೆ (ಫ್ಲೆಕ್ಸ್‌ಕಾಮ್‌ನದೇ ನಮೂದು; ಮೂರು ಸಂಪರ್ಕಗಳ ನಮೂದುಗಳು ಇದರ ಚೈಲ್ಡ್‌ಗಳು) ಕಂಪ್ಯಾಟಿಬಲ್ (ಇದು ಯಾವ ಸಾಧನ ಎಂಬ ಹೆಸರು), ರೆಜಿಸ್ಟರ್ ವಿಳಾಸ, ಕ್ಲಾಕ್, ಜೊತೆಗೆ ಮೋಡ್ ಪ್ರಾಪರ್ಟಿ ಬೇಕು: 1 ಯುಸಾರ್ಟ್, 2 ಎಸ್‌ಪಿಐ, 3 ಐ2ಸಿ. ಸ್ಕೀಮಾದಲ್ಲಿ (ಬೈಂಡಿಂಗ್‌ನ ನಿಯಮಗಳ ಫೈಲ್) ಇದನ್ನು ಈನಮ್ ಆಗಿ, ಅಂದರೆ ಈ ಮೂರು ಅಂಕಿಗಳಿಗಷ್ಟೇ, ಕಟ್ಟಿಹಾಕಿ; ತಪ್ಪು ಅಂಕಿ ಬೋರ್ಡ್‌ಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತದೆ.

ಹೆಚ್ಚು ಜನ ಎಡವುವುದು ರೇಂಜಸ್‌ನಲ್ಲಿ, ಅಂದರೆ ಚೈಲ್ಡ್ ವಿಳಾಸವನ್ನು ನಿಜವಾದ ಭೌತಿಕ ವಿಳಾಸಕ್ಕೆ ಅನುವಾದಿಸುವ ಪ್ರಾಪರ್ಟಿಯಲ್ಲಿ. ಚೈಲ್ಡ್‌ಗಳು ಪೇರೆಂಟ್ ವಿಳಾಸದಿಂದ ಹೆಕ್ಸ್ 200, 400, 600 ದೂರದಲ್ಲಿವೆ. ರೇಂಜಸ್ ಬರೆಯದಿದ್ದರೆ ವಿಳಾಸ ಅನುವಾದವಾಗದೆ ಚೈಲ್ಡ್ ಡ್ರೈವರ್‌ಗೆ ಮೆಮೊರಿಯೇ ಸಿಗುವುದಿಲ್ಲ. ಖಾಲಿ ಬಿಟ್ಟರೆ ಇನ್ನೂ ಕೆಟ್ಟದ್ದು: ಹೆಕ್ಸ್ 200 ಎಂಬುದೇ ನಿಜವಾದ ಭೌತಿಕ ವಿಳಾಸವಾಗಿಬಿಡುತ್ತದೆ. ಪೇರೆಂಟ್ ರೆಜಿಸ್ಟರ್ ಗಾತ್ರ ಹೆಕ್ಸ್ 200 ಇರಲಿ, ರೇಂಜಸ್ ಹೆಕ್ಸ್ 800 ಇರಲಿ. ಚೈಲ್ಡ್‌ನ ವಿಳಾಸ, ಗಾತ್ರಗಳಿಗೆ ಎಷ್ಟೆಷ್ಟು ಅಂಕಿ ಬೇಕೆಂದು ಹೇಳುವ ಅಡ್ರೆಸ್ ಸೆಲ್ಸ್, ಸೈಜ್ ಸೆಲ್ಸ್ ಎರಡೂ 1.

ಚಿಪ್‌ನ ಫೈಲಿನಲ್ಲಿ ಚೈಲ್ಡ್‌ಗಳೆಲ್ಲ ಡಿಸೇಬಲ್ಡ್. ಬೋರ್ಡ್ ಫೈಲಿನಲ್ಲಿ ಮೋಡ್ ಕೊಟ್ಟು, ಅದಕ್ಕೆ ಹೊಂದುವ ಒಂದನ್ನಷ್ಟೇ ಓಕೆ ಮಾಡಿ. ಡ್ರೈವರ್ ಕ್ಲಾಕ್ ಹಚ್ಚಿ, ಮೋಡ್ ಬರೆದು, ಆಮೇಲೆಯೇ ಚೈಲ್ಡ್‌ಗಳನ್ನು ಪಾಪ್ಯುಲೇಟ್ ಮಾಡಬೇಕು, ಅಂದರೆ ಅವುಗಳ ಸಾಧನಗಳನ್ನು ಕರ್ನಲ್‌ನಲ್ಲಿ ಸೃಷ್ಟಿಸಬೇಕು. ಕ್ರಮ ತಪ್ಪಿದರೆ ಇನ್ನೂ ಆಯ್ಕೆಯಾಗದ ಬ್ಲಾಕನ್ನು ಚೈಲ್ಡ್ ಮುಟ್ಟುತ್ತದೆ.

ಪ್ಯಾಚ್ (ಕೋಡ್ ಬದಲಾವಣೆ) ಕಳಿಸುವ ಮುನ್ನ ಮೇಕ್ ಡಿಟಿ ಬೈಂಡಿಂಗ್ ಚೆಕ್, ಮೇಕ್ ಡಿಟಿಬಿಎಸ್ ಚೆಕ್ ಎಂಬ ಎರಡೂ ತಪಾಸಣೆ ಕಮಾಂಡ್‌ಗಳನ್ನು ಓಡಿಸಿ. ಬೈಂಡಿಂಗ್ ಪ್ಯಾಚ್ ಬೇರೆಯಾಗಿ, ಡ್ರೈವರ್ ಪ್ಯಾಚ್‌ಗಿಂತ ಮೊದಲು ಇರಲಿ.