ನಿಧಾನದ ಹಡಗೇ ಕೈ ಹಿಡಿದದ್ದು: ಪಿರಿಯಸ್–ನಾಕ್ಸೋಸ್, ನನ್ನ ಅನುಭವ

ಗ್ರೀಸಿಗೆ ಗುಂಪು ಕರೆದುಕೊಂಡು ಹೋಗುವ ನಮ್ಮ ಕಸುಬಿನವರು ನನಗೆ ಹೇಳಿದ್ದು ಒಂದೇ ಮಾತು. "ಅರವತ್ತು ದಾಟಿದವರನ್ನ ಐದು ಗಂಟೆ ಹಡಗಲ್ಲಿ ಕೂರಿಸ್ತೀಯಾ? ಎಲ್ರೂ ವಾಂತಿ ಮಾಡ್ಕೊಂಡು ಮಲಗ್ತಾರೆ ಅಷ್ಟೇ. ಫ್ಲೈಟ್ ಹಾಕು, ಇಲ್ಲಾಂದ್ರೆ ಸ್ಪೀಡ್ ಬೋಟ್ ಹಾಕು." ಈಗ ಅವರಲ್ಲೇ ಕೆಲವರು ಫೋನ್ ಮಾಡಿ, ಸೀಟು ಹೇಗೆ ಹಿಡೀತೀಯಾ ಅಂತ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡೋಣ ಅನ್ನಿಸಿತು. ಎಲ್ಲವನ್ನೂ ಹೇಳೋದಿಲ್ಲ, ನನ್ನ ಹೊಟ್ಟೆಪಾಡೂ ಇದೆಯಲ್ಲ.

ವೀಸಾ, ವಿಮೆ, ಅಥೆನ್ಸ್ ಹೋಟೆಲು ನಿಮಗೆಲ್ಲ ಗೊತ್ತಿದ್ದದ್ದೇ. ನೇರ ಅಥೆನ್ಸಿನ ಬಂದರು ಪಿರಿಯಸ್‌ಗೆ ಬರುತ್ತೇನೆ.

ನಾಕ್ಸೋಸ್ ದ್ವೀಪಕ್ಕೆ ವಿಮಾನ ಇದೆ, ಆದರೆ ಚಿಕ್ಕ ನಿಲ್ದಾಣ, ರೆಕ್ಕೆಗೆ ಫ್ಯಾನು ಕಟ್ಟಿದ ಚಿಕ್ಕ ವಿಮಾನ. ಹದಿನಾಲ್ಕು ಹದಿನೈದು ಸೀಟು ಒಂದೇ ದರಕ್ಕೆ ಸಿಗುವ ಮಾತೇ ಇಲ್ಲ. ನಾಲ್ಕು ಟಿಕೆಟ್ ತೆಗೆಯುವಷ್ಟರಲ್ಲಿ ಐದನೆಯದರ ರೇಟು ಮೇಲೆ ಹತ್ತಿರುತ್ತದೆ. ಹಾಗಾಗಿ ಮೊದಲ ಬ್ಯಾಚುಗಳನ್ನು ಹೈಸ್ಪೀಡ್ ಕ್ಯಾಟಮರಾನ್‌ಗೆ (ಜೋಡಿ ಒಡಲಿನ ವೇಗದ ಹಡಗು) ಹತ್ತಿಸಿದೆ. ತಲೆಗೆ 70ರಿಂದ 80 ಯೂರೋ ಬಿತ್ತು ಅಂತ ನೆನಪು. ಆಗ ಯೂರೋ ₹90ರ ಆಸುಪಾಸು ಇತ್ತು. ಇಷ್ಟು ದುಡ್ಡು ಸುರಿದು ಉಳಿಸಿದ್ದು ಹೆಚ್ಚುಕಡಿಮೆ ಒಂದೂವರೆ ಗಂಟೆ.

ಅದರ ಒಳಗಡೆ ಕಿಟಕಿ ತೆಗೆಯದ ವೋಲ್ವೋ ಬಸ್ಸಿನ ಹಾಗೆ. ಹೊರಗೆ ಹೋಗಿ ಗಾಳಿ ಕುಡಿಯೋಣ ಅಂದರೆ ಬಾಗಿಲು ಹಾಕಿರುತ್ತದೆ. ಜುಲೈ ಕೊನೆ, ಉತ್ತರದ ಗಾಳಿ ಜೋರು. ಈಜಿಯನ್ ಸಮುದ್ರದಲ್ಲಿ ಅದಕ್ಕೆ ಮೆಲ್ತೆಮಿ ಅನ್ನುತ್ತಾರೆ, ಜುಲೈ-ಆಗಸ್ಟ್‌ನಲ್ಲಿ ದಿನಗಟ್ಟಲೆ ಬಿಡದೆ ಬೀಸುತ್ತದೆ. ಹಗುರವಾದ ಹಡಗು, ಅಲೆಯ ಮೇಲೆ ಎತ್ತಿ ಎತ್ತಿ ಕುಕ್ಕುತ್ತಿತ್ತು. ಸಿಬ್ಬಂದಿ ಕಾಗದದ ಚೀಲ ಹಂಚಿಕೊಂಡು ಬಂದರು. ಜಯನಗರದ ಒಬ್ಬ ಅಜ್ಜಿ ಮೂಗಿಗೆ ನಿಂಬೆಹಣ್ಣು ಒತ್ತಿಕೊಂಡು ಲಲಿತಾ ಸಹಸ್ರನಾಮ ಶುರು ಮಾಡಿದವರು ಅರ್ಧಕ್ಕೇ ಬಿಟ್ಟು ಚೀಲ ಕೇಳಿದರು.

ಅದು ಹೋಗುವಾಗಿನ ಕಥೆ. ಬರುವ ದಿನ ಆ ಓಡಾಟವೇ ರದ್ದು. ಗಾಳಿ ಸಾಮಾನ್ಯವಾಗಿ 8 ಬೋಫರ್ಟ್ (ಗಾಳಿಯ ಬಲದ ಅಳತೆ) ಮುಟ್ಟಿದರೆ ಬಂದರು ಅಧಿಕಾರಿಗಳು ದೊಡ್ಡ ಹಡಗುಗಳನ್ನೂ ಬಿಡುವುದಿಲ್ಲ, ಆದರೆ ಹೈಸ್ಪೀಡ್‌ಗಳು ಅದಕ್ಕಿಂತ ಮೊದಲೇ ಕಟ್ಟಿಹಾಕಿಸಿಕೊಳ್ಳುತ್ತವೆ. ಕಣ್ಣೆದುರೇ ದೊಡ್ಡ ಹಡಗು ಬಂದು ಜನ ತುಂಬಿಕೊಂಡು ಹೋಯಿತು, ನಾವು ದಡದಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದೆವು. ಟಿಕೆಟ್ ಹಣ ವಾಪಸ್ ಕೊಡಬೇಕು ಅಂತ ಯುರೋಪಿನ ಕಾನೂನೇ ಇದೆ, ಆದರೆ ಹವಾಮಾನದಿಂದ ರದ್ದಾದರೆ ಹೋಟೆಲ್ ಖರ್ಚಾಗಲೀ ಪರಿಹಾರವಾಗಲೀ ಕೇಳುವ ಹಾಗಿಲ್ಲ. ದ್ವೀಪದಲ್ಲಿ ಒಂದು ರಾತ್ರಿ ಹೆಚ್ಚು, ಅಥೆನ್ಸಿನ ರೂಮು ದಂಡ, ಬೆಂಗಳೂರಿನ ಟಿಕೆಟ್ ಬದಲಾವಣೆ. ಎಲ್ಲ ಸೇರಿ ಎರಡೂವರೆ, ಮೂರು ಲಕ್ಷ ಕೈಬಿಟ್ಟಿತು. ಆ ಸೀಸನ್ನಿನ ದುಡಿಮೆಯೆಲ್ಲ ಅಲ್ಲಿಗೇ ಸರಿಹೋಯಿತು.

ಆಮೇಲೆ ದೊಡ್ಡ ಹಡಗಿಗೆ ಬಂದೆ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಪಿರಿಯಸ್ ಬಿಟ್ಟು ಪಾರೋಸ್, ನಾಕ್ಸೋಸ್, ಸಾಂತೊರಿನಿ ಮುಟ್ಟುವ ಹಡಗು. ಈ ದಾರಿಯಲ್ಲಿ ಓಡುವ ಬ್ಲೂ ಸ್ಟಾರ್ ಡೆಲೋಸ್ ನೋಡಿ, 2011ರಲ್ಲಿ ಕೊರಿಯಾದಲ್ಲಿ ಕಟ್ಟಿದ್ದು, 145 ಮೀಟರ್ ಉದ್ದ, 2,400 ಜನ ಹಿಡಿಸುತ್ತದೆ. ನಾಕ್ಸೋಸ್‌ಗೆ ಐದು ಗಂಟೆ ಮೇಲೆ ಸ್ವಲ್ಪ. ಎಕಾನಮಿ ಟಿಕೆಟ್ ಆಗ 40–45 ಯೂರೋ ಇತ್ತು. ಐದು ವರ್ಷದೊಳಗಿನ ಮೊಮ್ಮಕ್ಕಳಿಗೆ ಪುಕ್ಕಟೆ. ನಮ್ಮ ಹಿರಿಯರಿಗೆ ಗೊತ್ತಿದ್ದ ಹಡಗು ಅಂದರೆ ಸಿಗಂದೂರಿನ ಲಾಂಚು, ಅದೂ ಸೇತುವೆ ಆದಮೇಲೆ ನೆನಪಿಗಷ್ಟೇ. ಪಿರಿಯಸ್‌ನಲ್ಲಿ ಲಾರಿಗಳು ಹಿಮ್ಮುಖವಾಗಿ ಸಾಲಾಗಿ ಹಡಗಿನ ಹೊಟ್ಟೆಗೆ ನುಗ್ಗುವುದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತರು. ಹೊರಟು ಮುಕ್ಕಾಲು ಗಂಟೆ ಆದಮೇಲೆ ಒಬ್ಬರು ದೊಡ್ಡಮ್ಮ ಕೇಳಿದರು: "ಏನಪ್ಪಾ, ಇನ್ನೂ ಹೊರಡಲಿಲ್ವಾ ಇದು?" ಆ ಮಾತನ್ನು ನನ್ನ ಜೊತೆಗಾರರಿಗೆಲ್ಲ ಫೋನ್ ಮಾಡಿ ಹೇಳಿದೆ.

ಹಿಂದಿನ ರಾತ್ರಿ ಗುಂಪನ್ನು ಅಥೆನ್ಸಿನ ನಡುಮಧ್ಯದ ಸಿಂಟಗ್ಮಾದಲ್ಲಿ ಇಳಿಸಬೇಡಿ, ಪಿರಿಯಸ್‌ನಲ್ಲೇ ಇಳಿಸಿ. 2022ರ ಅಕ್ಟೋಬರ್‌ನಿಂದ ಮೆಟ್ರೋದ ನೀಲಿ ಲೈನು ಏರ್‌ಪೋರ್ಟಿನಿಂದ ನೇರ ಬಂದರಿನವರೆಗೆ ಬರುತ್ತದೆ, ಒಂದು ಗಂಟೆ, 9 ಯೂರೋ. X96 ಬಸ್ಸು ಅಗ್ಗ, ಆದರೆ ಸೂಟ್‌ಕೇಸು, ಮಂಡಿನೋವು ಎರಡೂ ಇಟ್ಟುಕೊಂಡವರಿಗೆ ಅದು ಬೇಡ. ಗೇಟ್ ನಂಬರನ್ನು ಹಿಂದಿನ ಸಂಜೆಯೇ ಖಾತ್ರಿ ಮಾಡಿಕೊಳ್ಳಿ. E1ರಿಂದ E12ರವರೆಗೆ ಬಂದರು ಲಾಳದಾಕಾರದಲ್ಲಿ ಬಾಗಿಕೊಂಡಿದೆ, ತಪ್ಪು ಗೇಟಿಗೆ ಹೋದರೆ ಆ ತುದಿಯಿಂದ ಈ ತುದಿಗೆ ಅರ್ಧ ಗಂಟೆ ನಡಿಗೆ. ಒಳಗೆ ಪುಕ್ಕಟೆ ಬಸ್ಸಿದೆ, ಆದರೆ ಆ ಹೊತ್ತಿಗೆ ಅದನ್ನೇ ನಂಬಿ ಕೂರಬೇಡಿ.

ಹತ್ತಿದ ಕೂಡಲೇ ಭಾರದ ಚೀಲವೆಲ್ಲ ಕೆಳಗಿನ ಗ್ಯಾರೇಜಿನ ಕಟ್ಟೆಯಲ್ಲಿ, ದ್ವೀಪದ ಹೆಸರು ಬರೆದ ಜಾಗದಲ್ಲಿ. ಪಾಸ್‌ಪೋರ್ಟು, ಬಿಪಿ ಮಾತ್ರೆ, ಸ್ವೆಟರ್ ಮಾತ್ರ ಮೇಲಕ್ಕೆ. ಎಕಾನಮಿಯಲ್ಲಿ ಮೊದಲು ಬಂದವರಿಗೆ ಮೊದಲ ಸೋಫಾ. ಹದಿನೈದು ಜನರನ್ನು ಒಂದೇ ಕಡೆ ಕೂರಿಸುವುದಕ್ಕೆ ನನ್ನದೊಂದು ದಾರಿ ಇದೆ, ಅದನ್ನು ಇಲ್ಲಿ ಬರೆಯಲ್ಲ. ಡೆಕ್ಕಿನ ವಿಷಯ ಬೇಕಾದರೆ ಹೇಳುತ್ತೇನೆ: ಗಾಳಿ ಉತ್ತರದ್ದು, ಆದ್ದರಿಂದ ಹೋಗುವಾಗ ಬಲಗಡೆ, ಬರುವಾಗ ಎಡಗಡೆ ಕೂತರೆ ಗಾಳಿಗೆ ಮರೆ. ಬರುವಾಗ ಸಂಜೆಯ ಬಿಸಿಲೂ ಅದೇ ಕಡೆ ಬೀಳುತ್ತದೆ, ಟೋಪಿ ಇರಲಿ. ಸೂನಿಯನ್ ತುದಿಯ ಪೊಸೈಡನ್ ದೇವಸ್ಥಾನ ಮಾತ್ರ ಹೋಗುವಾಗ ಎಡಕ್ಕೆ ಬರುತ್ತದೆ. ಆ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿ ಆ ಕಡೆ ಕರೆದುಕೊಂಡು ಹೋಗುತ್ತೇನೆ. ವಾಂತಿ ತಡೆಯುವ ಅವೋಮಿನ್ ಮಾತ್ರೆ ಹೊರಡುವ ಮುಂಚೆಯೇ ನುಂಗಿಸಬೇಕು, ತಲೆ ತಿರುಗಿದ ಮೇಲೆ ಕೊಟ್ಟರೆ ದಂಡ. ನಾನಂತೂ ಅವರವರ ಡಾಕ್ಟರನ್ನು ಕೇಳಿಸಿ ಊರಿಂದಲೇ ತರಿಸುತ್ತೇನೆ.

ಇಳಿಯುವುದೇ ನಿಜವಾದ ಪರೀಕ್ಷೆ. ದ್ವೀಪ ಹತ್ತಿರ ಬಂತು ಅಂತ ಘೋಷಣೆ ಆಗುತ್ತಿದ್ದ ಹಾಗೆ ಜನವೆಲ್ಲ ಗ್ಯಾರೇಜಿಗೆ ಇಳಿದು ಲಾರಿಗಳ ನಡುವೆ ನಿಲ್ಲುತ್ತಾರೆ. ಡೀಸೆಲ್ ವಾಸನೆ, ಕತ್ತಲು, ಕಾಲಡಿ ಒದ್ದೆ ಕಬ್ಬಿಣ. ಲಂಗರಿನ ಸರಪಳಿ ಗರಗರ ಅನ್ನುತ್ತದೆ, ಹಡಗು ಹಿಂದು ಹಿಂದಕ್ಕೆ ಸರಿಯುತ್ತದೆ, ಇನ್ನೂ ದಡ ಮುಟ್ಟುವ ಮೊದಲೇ ಹಿಂಬಾಗಿಲು ಬಗ್ಗತೊಡಗುತ್ತದೆ. ಬಿಸಿಲು ಒಮ್ಮೆಗೇ ಕಣ್ಣಿಗೆ ಹೊಡೆಯುತ್ತದೆ, ಆಮೇಲೆ ಹಲಗೆ ಕಾಂಕ್ರೀಟನ್ನು ಕೆರೆಯುವ ಸದ್ದು, ಬಂದರು ಪೊಲೀಸರ ಸೀಟಿ. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದು ಹಡಗು ಹೊರಟಿರುತ್ತದೆ. ಘೋಷಣೆಗೆ ಕಾಯದೆ ಮೊದಲೇ ಇಳಿಸಿ, ಮಂಡಿನೋವಿನವರು ಮುಂದೆ, ನೀವು ಕೊನೆಗೆ.

ಊಟದ ಪ್ರಯೋಗಗಳು ಹೇಳಿದರೆ ಮುಗಿಯಲ್ಲ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ನಮ್ಮ ದೇಶದಿಂದ ಯುರೋಪಿಗೆ ಒಯ್ಯುವ ಹಾಗಿಲ್ಲ, ಆದ್ದರಿಂದ ತುಪ್ಪ, ಪೇಡ ಮನೆಯಲ್ಲೇ ಇರಲಿ. ಪುಳಿಯೋಗರೆ ಗೊಜ್ಜಿಗೂ ಚಟ್ನಿಪುಡಿಗೂ ಅಡ್ಡಿಯಿಲ್ಲ. ಹೋಟೆಲಿನಲ್ಲಿ ರಾತ್ರಿ ರೈಸ್ ಕುಕ್ಕರಿನಲ್ಲಿ ಅನ್ನ ಮಾಡಿ ಕಲಸಿ ಡಬ್ಬಿಗೆ ಹಾಕಿಬಿಟ್ಟರೆ ಡೆಕ್ಕಿನ ಮೇಲೆ ಭರ್ಜರಿ ಊಟ. ಹಡಗಿನ ಪ್ಲಗ್ಗಿಗೆ ಕೆಟಲ್ ಹಾಕಿ ಉಪ್ಪಿಟ್ಟು ಮಾಡುವ ಪ್ರಯತ್ನವೂ ನಡೆಯಿತು, ಸಿಬ್ಬಂದಿ ಒಪ್ಪಲಿಲ್ಲ, ಬಿಟ್ಟೆ. ದ್ವೀಪದ ಹೋಟೆಲುಗಳಲ್ಲಿ 'ನಿಸ್ಟೀಸಿಮೊ' ಅಂತ ಕೇಳಿ, ಅವರ ಉಪವಾಸದ ಅಡುಗೆ, ಹಾಲು ಮೊಟ್ಟೆ ಇರುವುದಿಲ್ಲ. ಸಿಗಡಿ, ಸ್ಕ್ವಿಡ್ ಇರಬಹುದು, ಅದನ್ನೊಂದು ಬೇಡ ಅನ್ನಬೇಕು.

ರಾತ್ರಿ ಹಡಗಿನಲ್ಲಿ ಕ್ರೀಟ್ ದ್ವೀಪಕ್ಕೂ ಹೋಗಿ ನೋಡಿದೆ. ರಾತ್ರಿ ಒಂಬತ್ತಕ್ಕೆ ಪಿರಿಯಸ್ ಬಿಟ್ಟರೆ ಬೆಳಿಗ್ಗೆ ಆರಕ್ಕೆ ಅಲ್ಲಿನ ಹೆರಾಕ್ಲಿಯಾನ್ ಬಂದರು, ಒಂದು ರಾತ್ರಿಯ ಹೋಟೆಲ್ ಉಳಿಯಿತು. ನಾಲ್ಕು ಹಾಸಿಗೆಯ ಕ್ಯಾಬಿನ್ನಿನಲ್ಲಿ ಹಾಸಿಗೆ ಬಿಡಿಬಿಡಿಯಾಗಿ ತೆಗೆದರೆ ಗಂಡಸರು ಬೇರೆ, ಹೆಂಗಸರು ಬೇರೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಒಂದಿಬ್ಬರು ಯಜಮಾನರಂತೂ ಖುಷಿಯಾಗೇ ಕಂಡರು. ರಫೀನಾ ಬಂದರಿನಿಂದ ತೀನೋಸ್‌ಗೂ ಒಮ್ಮೆ ಹೋದೆ, ಏರ್‌ಪೋರ್ಟಿಗೆ ಹತ್ತಿರ, ಪ್ರಯಾಣವೂ ಚಿಕ್ಕದು. ಆದರೆ ಆಗಸ್ಟ್ 15ರ ಮೇರಿಯಮ್ಮನ ಹಬ್ಬದ ಹತ್ತಿರ ಹೋಗಬೇಡಿ, ಆಗ ದ್ವೀಪಕ್ಕೆ ಯಾತ್ರಿಕರು ತುಂಬಿಬರುತ್ತಾರೆ.

ಈಗ ಲೆಕ್ಕ. ದೊಡ್ಡ ಹಡಗಿನಲ್ಲಿ ಹೋಗಿಬರುವುದಕ್ಕೆ ತಲೆಗೆ ಐದಾರು ಸಾವಿರ ಉಳಿಯುತ್ತದೆ. ಅದನ್ನು ಜೇಬಿಗೆ ಹಾಕಿಕೊಳ್ಳುವುದಿಲ್ಲ. ವಿಮಾನಕ್ಕೆ ಒಂದು ಪೂರ್ತಿ ದಿನ ಮುಂಚೆ ಪಿರಿಯಸ್‌ಗೆ ಬಂದುಬಿಡುತ್ತೇನೆ, ಉಳಿದ ದುಡ್ಡು ಆ ರಾತ್ರಿಯ ರೂಮಿಗೆ ಹೋಗುತ್ತದೆ. ಸಂಜೆ ನಾಕ್ಸೋಸ್ ಬಿಟ್ಟ ಹಡಗು ಮಧ್ಯರಾತ್ರಿ ಹೊತ್ತಿಗೆ ತಲುಪುವುದೂ ಇದೆ, ಗಾಳಿಯಿದ್ದರೆ ಇನ್ನೂ ಒಂದು ಗಂಟೆ ತಡ. ಅದು ಎಲ್ಲಿದೆ ಅಂತ ಮರೈನ್‌ಟ್ರಾಫಿಕ್‌ನಲ್ಲಿ ನೋಡುತ್ತಿರುತ್ತೇನೆ. ಆ ಆ್ಯಪ್ ಹುಟ್ಟಿದ್ದೂ ಈಜಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಂದಲೇ. ಸಾಂತೊರಿನಿಯಿಂದ ಹಡಗು ಇನ್ನೂ ಬಿಟ್ಟಿಲ್ಲ ಅಂತ ಕಂಡರೆ ಗುಂಪನ್ನು ಬಿಸಿಲಲ್ಲಿ ನಿಲ್ಲಿಸದೆ ಇನ್ನೊಂದು ಸುತ್ತು ಕಾಫಿ ಕೊಡಿಸುತ್ತೇನೆ.

ಆಮೇಲೂ ಒಂದು ಸಲ ಗಾಳಿಗೆ ಸಿಕ್ಕಿಕೊಂಡೆವು, ದೊಡ್ಡ ಹಡಗೇ ನಿಂತಿತು. ಮರುದಿನ ಮಧ್ಯಾಹ್ನ ಹೊರಟೆವು, ವಿಮಾನ ತಪ್ಪಲಿಲ್ಲ, ಹೋದದ್ದು ಅಕ್ರೊಪೊಲಿಸ್‌ಗೆ ಎರಡನೇ ಸಲ ಹೋಗೋಣ ಅಂದುಕೊಂಡಿದ್ದ ಬೆಳಗು ಮಾತ್ರ. ಉಳಿದದ್ದು ಮುಷ್ಕರ. ಮೇ 1ಕ್ಕೆ ಹಡಗು ಓಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ, ಬೇರೆ ದಿನಗಳ ನಾವಿಕರ ಮುಷ್ಕರ ಸಾಮಾನ್ಯವಾಗಿ ಕೆಲವು ದಿನ ಮೊದಲೇ ಗೊತ್ತಾಗುತ್ತದೆ. ನನ್ನ ಬ್ಯಾಚುಗಳು ಈಗ ಮೇ ಎರಡನೇ ವಾರಕ್ಕೆ ಶುರು, ಜೂನ್ ಮುಗಿಯುವಷ್ಟರಲ್ಲಿ ಬಂದ್, ಮತ್ತೆ ಸೆಪ್ಟೆಂಬರ್‌ನಲ್ಲೇ.